ನೆನಪಿಗೂ ಒಂದು ಕೆಲಸ ಬೇಕು

ಹಿರಿಯರ ಆರೈಕೆ ಕೇಂದ್ರಗಳಲ್ಲಿ ರಜೆಯ ದಿನ ಸಂಜೆ ಹೊತ್ತು ವಿಡಿಯೊ ಕಾಲ್‌ಗಳ ಸಮಯ. ಆಯಾ ಮೊಬೈಲನ್ನು ಅಜ್ಜಿಯ ಮುಖಕ್ಕೆ ನೇರ ಹಿಡಿದು ನಿಂತಿರುತ್ತಾರೆ. ಆ ಕಡೆಯಿಂದ ಮಗನೋ ಮಗಳೋ ಮೊದಲು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: ‘ಅಮ್ಮಾ, ಇವನ್ಯಾರು ಗೊತ್ತಾಯ್ತಾ? ಹೇಳು ನೋಡೋಣ.’ ಪರದೆಯ ಮೇಲೆ ಮೊಮ್ಮಗ ಕೈ ಬೀಸುತ್ತಾನೆ. ಅಜ್ಜಿ ನಗುತ್ತಾರೆ, ತಡವರಿಸುತ್ತಾರೆ, ಆಯಾಳ ಮುಖ ನೋಡುತ್ತಾರೆ. ಹೆಸರು ಬಾರದಿದ್ದಾಗ ಆ ಕಡೆ ಒಂದು ನಿಟ್ಟುಸಿರು, ಈ ಕಡೆ ಒಂದು ಮುಜುಗರ.

ಕೇಳಿದವರ ಮನಸ್ಸಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇಲ್ಲ. ಆದರೆ ಕೇಳಿಸಿಕೊಂಡವರ ಪಾಲಿಗೆ ಅದು ಪರೀಕ್ಷೆ. ಒಂದೇ ಸರಿ ಉತ್ತರವಿರುವ, ಅದು ಗೊತ್ತಿಲ್ಲವೆಂದು ಎಲ್ಲರೆದುರು ಬಯಲಾಗುವ ಪರೀಕ್ಷೆ. ಮರೆವು ಶುರುವಾದವರಿಗೆ ಫೋನು, ಟ್ಯಾಬು, ಮಾತನಾಡುವ ಸ್ಪೀಕರು ಇವುಗಳಿಂದ ಒಳ್ಳೆಯದಾಗುತ್ತದೋ ಕೆಟ್ಟದ್ದೋ ಎಂಬ ಚರ್ಚೆಯಲ್ಲಿ ನಾವು ಸಾಮಾನ್ಯವಾಗಿ ಯಂತ್ರದ ಗುಣಾವಗುಣಗಳನ್ನೇ ಎಣಿಸುತ್ತೇವೆ. ಆ ಯಂತ್ರವನ್ನು ಮುಂದಿಟ್ಟುಕೊಂಡು ನಾವು ಏನು ಕೇಳುತ್ತೇವೆ ಎನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಕಳೆದ ನಾಲ್ಕೈದು ದಶಕಗಳ ಸಂಶೋಧನೆಯನ್ನು ಒಟ್ಟಿಗೆ ಇಟ್ಟು ನೋಡಿದರೆ, ನಿಜವಾದ ವ್ಯತ್ಯಾಸ ಅಲ್ಲೇ ಇರುವಂತೆ ಕಾಣುತ್ತದೆ.

ಡಂಡೀ ಊರಿನ ಚಿತ್ರಗಳು

ಸ್ಕಾಟ್ಲೆಂಡಿನ ಡಂಡೀ ಮತ್ತು ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯಗಳ ತಂಡವೊಂದು ಈ ಶತಮಾನದ ಆರಂಭದಲ್ಲಿ ‘ಸರ್ಕಾ’ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಕಟ್ಟಿತು. ಮನಶ್ಶಾಸ್ತ್ರಜ್ಞೆ ಆರ್ಲೀನ್ ಆ್ಯಸ್ಟೆಲ್, ಕಂಪ್ಯೂಟರ್ ವಿಜ್ಞಾನಿ ನಾರ್ಮನ್ ಆಲ್ಮ್, ವಿನ್ಯಾಸಕಾರ ಗ್ಯಾರಿ ಗವನ್ಸ್, ಸಂಶೋಧಕಿ ಮ್ಯಾಗಿ ಎಲ್ಲಿಸ್ ಇದರ ಹಿಂದಿದ್ದವರು. ಬೆರಳಿನಿಂದ ಮುಟ್ಟಿದರೆ ತೆರೆದುಕೊಳ್ಳುವ ಪರದೆ. ಅದರಲ್ಲಿ ಹಳೆಯ ಊರಿನ ಫೋಟೊಗಳು, ಹಾಡುಗಳು, ಚಲನಚಿತ್ರದ ತುಣುಕುಗಳು. ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇರುವವರೊಬ್ಬರು, ಆರೈಕೆ ಮಾಡುವವರೊಬ್ಬರು ಅಕ್ಕಪಕ್ಕ ಕೂತು ನೋಡಬೇಕು, ಅಷ್ಟೇ.

ಅವರ ಒಂದು ತೀರ್ಮಾನ ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಆ ಕಂಪ್ಯೂಟರಿನಲ್ಲಿ ಯಾರ ಮನೆಯ ಫೋಟೊವನ್ನೂ ಅವರು ಹಾಕಲಿಲ್ಲ. ಮದುವೆ ಫೋಟೊ, ಮಕ್ಕಳ ನಾಮಕರಣ ಯಾವುದೂ ಇಲ್ಲ. ಬದಲಿಗೆ ಬೀದಿ, ಸಂತೆ, ಶಾಲೆ, ಸಮುದ್ರತೀರ, ಕಾರ್ಖಾನೆ ಗೇಟು ಇಂಥವು. ಸ್ವಂತ ಕುಟುಂಬದ ಚಿತ್ರ ತೋರಿಸಿದರೆ ಏನಾಗುತ್ತದೆ, ಯಾರದೂ ಅಲ್ಲದ ಚಿತ್ರ ತೋರಿಸಿದರೆ ಏನಾಗುತ್ತದೆ ಎಂಬುದನ್ನು ಈ ಬಳಗದವರು ಹೋಲಿಸಿಯೂ ನೋಡಿದರು. ಮನೆಯ ಫೋಟೊ ಕಂಡಾಗ ಬಂದದ್ದು ಚುಟುಕು ಉತ್ತರ: ‘ಇದು ನನ್ನ ತಂಗಿ’, ‘ಇದು ನಾನು.’ ಗೊತ್ತಾಗದಿದ್ದರೆ ಮೌನ. ಊರಿನ ಚಿತ್ರ ಕಂಡಾಗ ಬಂದದ್ದು ಕಥೆ. ಸಂತೆಯ ಚಿತ್ರಕ್ಕೆ ತಪ್ಪು ಉತ್ತರವೆಂಬುದಿಲ್ಲವಲ್ಲ. ಒಬ್ಬರಿಗೆ ಅಲ್ಲಿ ಅಪ್ಪ ನೆನಪಾಗಬಹುದು, ಇನ್ನೊಬ್ಬರಿಗೆ ಕಳೆದುಹೋದ ಚಪ್ಪಲಿ.

ಇನ್ನೂ ಒಂದು ಸೂಕ್ಷ್ಮವಿದೆ. ಡಿಮೆನ್ಷಿಯಾದಲ್ಲಿ ಮೊದಲು ಕೈಕೊಡುವುದು ಈಗಷ್ಟೇ ಆಡಿದ ಮಾತನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ. ಮಾತು ಎಲ್ಲಿಂದ ಶುರುವಾಯಿತು ಎನ್ನುವುದೇ ಜಾರಿಹೋಗುವುದರಿಂದ ಸಂಭಾಷಣೆ ಮುಂದೆ ಸಾಗುವುದಿಲ್ಲ. ಪರದೆಯ ಮೇಲಿನ ಚಿತ್ರ ಮಾತಿನ ವಿಷಯವನ್ನು ಕಣ್ಣೆದುರೇ ನಿಲ್ಲಿಸುತ್ತದೆ. ದಾರಿ ತಪ್ಪಿದರೂ ಕಣ್ಣೆತ್ತಿದರೆ ಸಾಕು, ವಿಷಯ ಅಲ್ಲೇ ಇದೆ. ಮುಂದೆ ಯಾವುದನ್ನು ನೋಡಬೇಕು ಎಂಬ ಆಯ್ಕೆಯೂ ಅವರ ಬೆರಳಿಗೇ ಬಿಟ್ಟದ್ದು. ಮಾಮೂಲಿ ಮಾತುಕತೆಯಲ್ಲಿ ಆರೈಕೆ ಮಾಡುವವರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ದಣಿಯುತ್ತಿದ್ದರೆ, ಇಲ್ಲಿ ಇಬ್ಬರೂ ಸರಿಸಮಾನವಾಗಿ ಮಾತಾಡಿದ್ದು ಕಂಡುಬಂತು. ಆ ಕಂಪ್ಯೂಟರು ಯಾರ ಬದಲಿಗೂ ಏನನ್ನೂ ನೆನಪಿಟ್ಟುಕೊಳ್ಳಲಿಲ್ಲ. ನೆನಪಿಸಿಕೊಳ್ಳಲು ಒಂದು ಸಂದರ್ಭ ಒದಗಿಸಿತು.

ಯಾವ ನೆನಪು ಹೋಗುತ್ತದೆ, ಯಾವುದು ಉಳಿಯುತ್ತದೆ

‘ಅರವತ್ತಕ್ಕೆ ಅರಳುಮರಳು’ ಎಂದು ಗಾದೆಯೇನೋ ಇದೆ. ಆದರೆ ಲೆಕ್ಕ ಬೇರೆ ಹೇಳುತ್ತದೆ. ದೇಶದ ಹಿರಿಯರ ಬಗ್ಗೆ ನಡೆದ ‘ಲಾಸಿ–ಡ್ಯಾಡ್’ ಅಧ್ಯಯನದ ಪ್ರಕಾರ 60 ದಾಟಿದವರಲ್ಲಿ ಡಿಮೆನ್ಷಿಯಾ ಇರುವವರು ಸುಮಾರು 7.4%, ಅಂದರೆ ಭಾರತದಲ್ಲಿ ಅಂದಾಜು 88 ಲಕ್ಷ ಜನ. ಸಂಖ್ಯೆ ದೊಡ್ಡದೇ. ಆದರೆ ಉಳಿದ ತೊಂಬತ್ತಕ್ಕೂ ಹೆಚ್ಚು ಪಾಲು ಜನರಿಗೆ ಆ ಕಾಯಿಲೆ ಇಲ್ಲ. ಅವರದು ವಯಸ್ಸಿಗೆ ಸಹಜವಾದ ನಿಧಾನಗತಿ. ವೃದ್ಧಾಶ್ರಮದ ಒಂದೇ ಜಗಲಿಯಲ್ಲಿ ಈ ಎರಡೂ ಬಗೆಯವರು ಕೂತಿರುತ್ತಾರೆ. ಇಬ್ಬರಿಗೂ ಒಂದೇ ಮದ್ದು ಹೊಂದುವುದಿಲ್ಲ.

ನೆನಪು ಎನ್ನುವುದು ಒಂದೇ ಪೆಟ್ಟಿಗೆಯೂ ಅಲ್ಲ. ನಿನ್ನೆ ಯಾರು ಬಂದಿದ್ದರು ಎಂಬ ಘಟನೆಗಳ ನೆನಪು ಬೇರೆ. ಹರಪನಹಳ್ಳಿ ಎಲ್ಲಿದೆ, ಹುಣಸೆ ಹುಳಿ ಎಂಬ ತಿಳಿವಳಿಕೆಯ ನೆನಪು ಬೇರೆ. ಕತ್ತಲಲ್ಲೂ ಸಾಸಿವೆ ಡಬ್ಬಿಗೆ ಕೈ ಹೋಗುವಂತೆ, ಯೋಚಿಸದೆಯೇ ನಡೆಯುವ ಕೈಯ ನೆನಪು ಇನ್ನೊಂದು. ನಾಳೆ ಹತ್ತು ಗಂಟೆಗೆ ಮಾತ್ರೆ ನುಂಗಬೇಕು ಎಂಬ ಮುಂದಿನ ಕೆಲಸದ ನೆನಪು ಮತ್ತೊಂದು. ಅಲ್ಝೈಮರ್ ಕಾಯಿಲೆ ಮೊದಲು ತಟ್ಟುವುದು ಘಟನೆಗಳ ನೆನಪಿಗೆ, ಅದರಲ್ಲೂ ಹೊಸದನ್ನು ದಾಖಲಿಸಿಕೊಳ್ಳುವ ಶಕ್ತಿಗೆ. ಮಿದುಳಿನ ಹಿಪ್ಪೊಕ್ಯಾಂಪಸ್ ಮತ್ತು ಅದರ ಅಕ್ಕಪಕ್ಕದ ಭಾಗಗಳು ಬೇಗ ಸೊರಗುವುದು ಇದಕ್ಕೆ ಕಾರಣ. ಕೈಯ ನೆನಪು ಮಿದುಳಿನ ಬೇರೆ ಭಾಗಗಳನ್ನು ನೆಚ್ಚಿಕೊಂಡಿರುವುದರಿಂದ ಬಹುಕಾಲ ಉಳಿಯುತ್ತದೆ. ಮಗಳ ಹೆಸರು ತಪ್ಪಿಹೋದ ಅಜ್ಜಿ ಹೂ ಕಟ್ಟುವುದನ್ನು ಮರೆಯದಿರುವುದು ಇದೇ ಕಾರಣಕ್ಕೆ.

ಹಳೆಯ ನೆನಪುಗಳಲ್ಲಿಯೂ ಒಂದು ಕಾಲಾವಧಿ ಎದ್ದು ನಿಲ್ಲುತ್ತದೆ. ಹಿರಿಯರನ್ನು ಮುಕ್ತವಾಗಿ ನೆನಪಿಸಿಕೊಳ್ಳಲು ಬಿಟ್ಟರೆ ಸುಮಾರು 10ರಿಂದ 30 ವರ್ಷದೊಳಗಿನ ಸಂಗತಿಗಳು ಹೆಚ್ಚಾಗಿ ಬರುತ್ತವೆ ಎಂಬುದು 1980ರ ದಶಕದಿಂದೀಚೆಗೆ ಮತ್ತೆ ಮತ್ತೆ ದೃಢಪಟ್ಟಿರುವ ಮಾತು. ಮೊದಲ ಕೆಲಸ, ಮದುವೆ, ಊರು ಬಿಟ್ಟದ್ದು, ಮೊದಲ ಮಗು ಎಲ್ಲ ಬಂದು ಸೇರುವುದು ಆ ವಯಸ್ಸಿನಲ್ಲೇ.

ಇದನ್ನು ನಮ್ಮ ಲೆಕ್ಕಕ್ಕೆ ಇಳಿಸೋಣ. 1945ರಲ್ಲಿ ಹುಟ್ಟಿದವರ ಆ ಕಾಲಾವಧಿ 1955ರಿಂದ 1975. ಬೆಂಗಳೂರು ಆಕಾಶವಾಣಿ ಕೇಂದ್ರ ಶುರುವಾದಾಗ ಅವರಿಗೆ ಹತ್ತು ವರ್ಷ. ಆಣೆ ಹೋಗಿ ನಯಾ ಪೈಸೆ ಬಂದಾಗ ಹನ್ನೆರಡು. ಬೆಂಗಳೂರಿನ ಎಚ್‌ಎಂಟಿ ಕೈಗಡಿಯಾರ ಮಾರುಕಟ್ಟೆಗೆ ಬರುವ ಹೊತ್ತಿಗೆ ಹೈಸ್ಕೂಲಿನ ಕೊನೆಯ ವರ್ಷಗಳು. ‘ಬಂಗಾರದ ಮನುಷ್ಯ’ ಬಿಡುಗಡೆಯಾದಾಗ ಇಪ್ಪತ್ತೇಳು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಾಗ ಇಪ್ಪತ್ತೆಂಟು. ಇಂಥವರ ಮುಂದೆ 1990ರ ದಶಕದ ಧಾರಾವಾಹಿಯನ್ನು ‘ಹಳೆಯದು’ ಎಂದು ಹಾಕಿದರೆ ನೆನಪು ಕದಲದು. ಟ್ರಂಕ್ ಕಾಲ್ ಬುಕ್ ಮಾಡಿ ಕಾದದ್ದು, ಪಂಪ್ ಹೊಡೆಯುವ ಸೀಮೆಎಣ್ಣೆ ಸ್ಟವ್, ಟೂರಿಂಗ್ ಟಾಕೀಸಿನ ಮಣ್ಣಿನ ನೆಲ ಇವು ಕದಲಿಸುತ್ತವೆ. ಹಾಗೆಂದು ಒಂದೇ ಆಲ್ಬಂ ಎಲ್ಲರಿಗೂ ಆಗದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರಿಗೆ ಸೈರನ್ನು, ಕೆಜಿಎಫ್‌ನವರಿಗೆ ಗಣಿಗೆ ಇಳಿಯುವ ತೊಟ್ಟಿಲು, ಕರಾವಳಿಯವರಿಗೆ ರಾತ್ರಿಯಿಡೀ ನಡೆದ ಬಯಲಾಟ, ಹುಬ್ಬಳ್ಳಿಯವರಿಗೆ ರೈಲ್ವೆ ವರ್ಕ್‌ಶಾಪು. ಡಂಡೀಯ ತಂಡ ಡಂಡೀಯ ಚಿತ್ರಗಳನ್ನೇ ಹುಡುಕಿಕೊಂಡದ್ದರಲ್ಲಿ ಈ ಪಾಠವಿದೆ.

ಗಂಟೆ ಬಾರಿಸುವ ಮನೆ

ಆರೈಕೆ ಕೇಂದ್ರದ ದಿನಚರಿಯನ್ನು ಒಮ್ಮೆ ಗಮನಿಸಿ. ಆರಕ್ಕೆ ಕಾಫಿ ಬರುತ್ತದೆ. ಎಂಟಕ್ಕೆ ತಿಂಡಿಯ ಗಂಟೆ. ಮಾತ್ರೆಗಳನ್ನು ನರ್ಸ್ ಅಂಗೈಗೇ ಹಾಕುತ್ತಾರೆ. ಯಾವ ಸೀರೆ, ಯಾವ ಶರ್ಟು ಎಂಬುದನ್ನೂ ಬೇರೆಯವರೇ ತೆಗೆದಿಡುತ್ತಾರೆ. ಇದರಲ್ಲಿ ಕಾಳಜಿ ಇದೆ, ಸುರಕ್ಷತೆ ಇದೆ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಅಲ್ಲಿ ವಾಸಿಸುವವರು ನೆನಪಿಟ್ಟುಕೊಳ್ಳಲೇಬೇಕಾದ ಒಂದು ಸಂಗತಿಯೂ ಉಳಿಯುವುದಿಲ್ಲ. ಮನೆಯಲ್ಲಿದ್ದಾಗ ಹಾಲಿನವನ ಲೆಕ್ಕ, ಗ್ಯಾಸ್ ಬುಕಿಂಗ್, ಏಕಾದಶಿ ಯಾವತ್ತು ಎಂಬ ನೂರು ಸಣ್ಣ ಸಂಗತಿಗಳು ನೆನಪನ್ನು ದುಡಿಸಿಕೊಳ್ಳುತ್ತಿದ್ದವು.

ಇದರ ಪರಿಣಾಮವನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ 1970ರ ದಶಕದಲ್ಲೇ ಪರೀಕ್ಷಿಸಿದ್ದರು. ಕನೆಕ್ಟಿಕಟ್ ರಾಜ್ಯದ ನರ್ಸಿಂಗ್ ಹೋಮ್ ಒಂದರಲ್ಲಿ ಒಂದು ಮಹಡಿಯವರಿಗೆ ಹೂಕುಂಡ ಆರಿಸಿಕೊಂಡು ತಾವೇ ನೋಡಿಕೊಳ್ಳಿ ಎಂದರು. ಇನ್ನೊಂದು ಮಹಡಿಯವರ ಕುಂಡಕ್ಕೆ ನರ್ಸ್‌ಗಳೇ ನೀರು ಹಾಕಿದರು. 1976ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಹೊಣೆ ಹೊತ್ತವರು ಹೆಚ್ಚು ಚುರುಕಾಗಿದ್ದರು. ಅದಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರದ್ದು 1979ರಲ್ಲಿ ಲ್ಯಾಂಗರ್, ರೋಡಿನ್ ಮತ್ತು ಜೊತೆಗಾರರು ಪ್ರಕಟಿಸಿದ ಇನ್ನೊಂದು ಕೆಲಸ. ನರ್ಸಿಂಗ್ ಹೋಮಿನ ನಿವಾಸಿಗಳಿಗೆ ಸುತ್ತಲಿನ ಸಣ್ಣಪುಟ್ಟ ಸಂಗತಿಗಳನ್ನು ವಿಚಾರಿಸಿ ನೆನಪಿಟ್ಟುಕೊಂಡಿರಲು ಹೇಳಿದರು. ಪ್ರಶ್ನೆಗಳು ಬರಬರುತ್ತ ಹೆಚ್ಚಿದವು. ಒಂದು ಗುಂಪಿಗೆ ಸರಿ ಉತ್ತರಕ್ಕೆ ಬಿಲ್ಲೆ, ಬಿಲ್ಲೆಗೆ ಉಡುಗೊರೆ. ನೆನಪಿಟ್ಟುಕೊಂಡರೆ ಏನೋ ಸಿಗುತ್ತದೆ ಎಂದಾದಾಗ ಆ ಗುಂಪಿನವರ ಅಲ್ಪಾವಧಿ ನೆನಪು ಸುಧಾರಿಸಿತು. ಪ್ರಯೋಗಗಳು ಚಿಕ್ಕವು, ಹಳೆಯವು. ಡಿಮೆನ್ಷಿಯಾಕ್ಕೆ ಮದ್ದು ಎಂದು ಇವನ್ನು ಓದಿಕೊಳ್ಳಬಾರದು. ಆದರೂ ವೃದ್ಧಾಶ್ರಮದಲ್ಲಿ ಕಾಣುವ ಮರೆವಿನ ಒಂದಂಶ ವಯಸ್ಸಿನದಲ್ಲ, ಕೆಲಸವಿಲ್ಲದ ನೆನಪಿನದು ಎಂಬುದನ್ನು ಇವು ಸೂಚಿಸುತ್ತವೆ.

ತಂತ್ರಜ್ಞಾನದ ಇಬ್ಬಗೆಯ ಮುಖ ಇಲ್ಲಿ ಸ್ಪಷ್ಟವಾಗುತ್ತದೆ. ನರ್ಸ್ ಮಾಡುತ್ತಿದ್ದ ಎಲ್ಲವನ್ನೂ ಒಂದು ಸ್ಪೀಕರ್ ಮಾಡಿದರೆ ಹಳೆಯ ಗಂಟೆಯ ಜಾಗಕ್ಕೆ ಹೊಸ ಗಂಟೆ ಬಂದಂತಾಯಿತು, ಅಷ್ಟೇ. ಅದೇ ಯಂತ್ರ ನಿವಾಸಿಯ ಕೈಗೆ ಒಂದು ಕೆಲಸವನ್ನು ವಾಪಸು ಕೊಟ್ಟರೆ ಮಾತು ಬೇರೆ.

ಹಾಗೆ ವಾಪಸು ಕೊಟ್ಟ ಉದಾಹರಣೆಗಳೂ ಇವೆ. ಕ್ಯಾಲಿಫೋರ್ನಿಯಾದ ಎಂಜಿನಿಯರ್ ಲ್ಯಾರಿ ಟ್ರೆಡ್‌ಗೋಲ್ಡ್ ಅವರ ಮಗನಿಗೆ ತಲೆಗೆ ಪೆಟ್ಟಾಗಿ ನೆನಪು ಕುಂದಿತ್ತು. ಅವರು ನರಮನಶ್ಶಾಸ್ತ್ರಜ್ಞ ನೀಲ್ ಹರ್ಷ್ ಜೊತೆ ಸೇರಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೇಜರ್ ಹೊತ್ತಿಗೆ ಸರಿಯಾಗಿ ಸಂದೇಶ ತೋರಿಸುವ ‘ನ್ಯೂರೊಪೇಜ್’ ರೂಪಿಸಿದರು. ಇಂಗ್ಲೆಂಡಿನ ಬಾರ್ಬರಾ ವಿಲ್ಸನ್ ಮತ್ತು ಸಂಗಡಿಗರು 143 ಜನರ ಮೇಲೆ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, 80%ಕ್ಕೂ ಹೆಚ್ಚು ಜನ ತಮ್ಮ ದಿನನಿತ್ಯದ ಕೆಲಸಗಳನ್ನು ಮೊದಲಿಗಿಂತ ಚೆನ್ನಾಗಿ ನೆನಪಿಟ್ಟು ಮಾಡಿದ್ದರು. ಅವರಲ್ಲಿ ಬಹುಪಾಲು ಮಿದುಳಿನ ಪೆಟ್ಟಿನವರು. 2022ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ತಂಡ ಮರೆವಿನ ಆರಂಭಿಕ ಹಂತದಲ್ಲಿದ್ದ 52 ಹಿರಿಯರಿಗೆ ಸ್ಮಾರ್ಟ್‌ಫೋನ್ ಕೊಟ್ಟಿತು. ಕೆಲವರು ಜ್ಞಾಪಿಸುವ ಆ್ಯಪ್ ಬಳಸಿದರು. ಉಳಿದವರು ಮುಂದೆ ಮಾಡಬೇಕಾದ್ದನ್ನು ತಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ ಆಗಾಗ ಕೇಳಿಕೊಂಡರು. ಎರಡೂ ಗುಂಪಿನವರಿಗೆ ಅನುಕೂಲವಾಯಿತು. ಅಂದರೆ ಅಲಾರಂ ಒಂದೇ ದಾರಿಯಲ್ಲ. ‘ಸಂಜೆ ತಂಗಿಗೆ ಫೋನ್ ಮಾಡಬೇಕು’ ಎಂದು ತಾನೇ ಹೇಳಿಕೊಂಡು ತಾನೇ ಕೇಳಿಸಿಕೊಳ್ಳುವುದೂ ನೆನಪಿಗೆ ಊರುಗೋಲಾಗುತ್ತದೆ.

ಮೊಬೈಲ್ ನೋಡಿ ಮರೆವು ಬರುತ್ತದೆಯೆ?

ಇದು ಮನೆಮನೆಯ ಆತಂಕ. ಜರ್ಮನಿಯ ನರವಿಜ್ಞಾನಿ ಮಾನ್‌ಫ್ರೆಡ್ ಸ್ಪಿಟ್ಸರ್ 2012ರಲ್ಲಿ ‘ಡಿಜಿಟಲ್ ಡಿಮೆನ್ಷಿಯಾ’ ಎಂಬ ಹೆಸರಿನ ಪುಸ್ತಕವನ್ನೇ ಬರೆದರು. ಮಿದುಳಿನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುತ್ತ ಹೋದರೆ ಮಿದುಳು ಸೊರಗುತ್ತದೆ ಎಂಬುದು ಅದರ ವಾದ. ಹಿರಿಯರ ಮಟ್ಟಿಗೆ ಈ ವಾದ ನಿಲ್ಲುತ್ತದೆಯೇ ಎಂದು ಟೆಕ್ಸಾಸ್‌ನ ಜೇರೆಡ್ ಬೆಂಜ್ ಮತ್ತು ಮೈಕೆಲ್ ಸ್ಕಲಿನ್ 2025ರಲ್ಲಿ ಪರಿಶೀಲಿಸಿದರು. 57 ಅಧ್ಯಯನಗಳು, 4 ಲಕ್ಷಕ್ಕೂ ಹೆಚ್ಚು ಜನ. ಕಂಪ್ಯೂಟರ್, ಇಂಟರ್ನೆಟ್, ಸ್ಮಾರ್ಟ್‌ಫೋನ್ ಬಳಸುವ ಹಿರಿಯರಲ್ಲಿ ಬುದ್ಧಿಶಕ್ತಿ ಕುಂದಿರುವ ಸಂಭವ, ಬಳಸದವರಿಗೆ ಹೋಲಿಸಿದರೆ 58% ಕಡಿಮೆ ಎಂಬುದು ಅವರ ಲೆಕ್ಕ. ವಿದ್ಯಾಭ್ಯಾಸ, ಆದಾಯ ಮುಂತಾದವನ್ನು ಗಣನೆಗೆ ತೆಗೆದುಕೊಂಡ ಮೇಲೂ ಈ ಅಂತರ ಅಳಿಯಲಿಲ್ಲ.

ಈ ಅಂಕಿಯನ್ನು ಹಿಡಿದು ಅಪ್ಪನಿಗೊಂದು ಟ್ಯಾಬ್ ಕೊಡಿಸಿದರೆ ಮರೆವು ಬರದು ಎಂದು ತಿಳಿಯುವುದು ಮಾತ್ರ ತಪ್ಪು. ನೆನಪು ಚೆನ್ನಾಗಿರುವವರೇ ಫೋನ್ ಬಳಕೆಯನ್ನು ಮುಂದುವರಿಸುತ್ತಾರೆ. ಕುಂದತೊಡಗಿದವರು ಮೊದಲು ಕೈಬಿಡುವುದೇ ಅದನ್ನು. ಯಾವುದು ಕಾರಣ, ಯಾವುದು ಪರಿಣಾಮ ಎಂದು ಇಂಥ ಅಧ್ಯಯನಗಳಿಂದ ಪೂರ್ತಿ ಬಿಡಿಸಲಾಗದು. ಹೇಳಬಹುದಾದದ್ದು ಇಷ್ಟು: ಹಿರಿಯರು ಫೋನ್ ಮುಟ್ಟಿದರೆ ಬುದ್ಧಿ ಕೆಡುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ.

ಬಳಸುವುದಕ್ಕಿಂತ ಕಲಿಯುವುದರಲ್ಲಿ ಹೆಚ್ಚು ಲಾಭವಿದೆ ಎಂಬ ಸುಳಿವು ಡಾಲಸ್‌ನ ಡೆನಿಸ್ ಪಾರ್ಕ್ ಅವರ ಪ್ರಯೋಗಶಾಲೆಯಿಂದ ಬಂದಿದೆ. ಅಲ್ಲಿ ಹಿಂದೆಂದೂ ಐಪ್ಯಾಡ್ ಮುಟ್ಟಿರದ ಹಿರಿಯರು ವಾರಕ್ಕೆ 15 ಗಂಟೆಯಂತೆ ಮೂರು ತಿಂಗಳು ಅದನ್ನು ಕಲಿತರು. ಹೊಸ ಕಲಿಕೆ ಬೇಡದ ಚಟುವಟಿಕೆಗಳಲ್ಲಿ ಕಾಲ ಕಳೆದವರಿಗಿಂತ ಇವರ ಘಟನೆಗಳ ನೆನಪೂ ಯೋಚನೆಯ ವೇಗವೂ ಹೆಚ್ಚು ಸುಧಾರಿಸಿದವು. ಇದೇ ಪ್ರಯೋಗಶಾಲೆ 2014ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಫೋಟೊಗ್ರಫಿ ಮತ್ತು ಕೌದಿ ಹೊಲಿಗೆಯಂಥ ಕೈಕೆಲಸ ಕಲಿತವರಲ್ಲೂ ನೆನಪು ಸುಧಾರಿಸಿತ್ತು. ಇವರೆಲ್ಲ ತಮ್ಮ ಮನೆಗಳಲ್ಲಿ ವಾಸಿಸುತ್ತಿದ್ದ ಆರೋಗ್ಯವಂತರು ಎಂಬುದನ್ನು ಮರೆಯಬಾರದು. ಆದರೂ ಫಲ ಕೊಟ್ಟದ್ದು ಪರದೆಯಲ್ಲ, ಕಷ್ಟಪಟ್ಟು ಕಲಿತದ್ದು ಎಂಬುದು ಗಮನಾರ್ಹ. ದಿನವಿಡೀ ಯೂಟ್ಯೂಬ್ ಹಾಕಿಟ್ಟು ಮುಂದೆ ಕೂರಿಸುವುದಕ್ಕೆ ಈ ಪ್ರಯೋಗದ ಬೆಂಬಲವಿಲ್ಲ.

ಹಾಡು, ಸೀಲ್ ಮರಿ ಮತ್ತು ಜೊತೆಗಿರುವ ಮನುಷ್ಯ

2006ರಲ್ಲಿ ನ್ಯೂಯಾರ್ಕಿನ ಸಮಾಜ ಕಾರ್ಯಕರ್ತ ಡ್ಯಾನ್ ಕೋಹೆನ್ ನರ್ಸಿಂಗ್ ಹೋಮಿನ ನಿವಾಸಿಗಳಿಗೆ ಐಪಾಡ್‌ನಲ್ಲಿ ಅವರವರ ಯೌವನದ ಹಾಡು ಕೇಳಿಸಲು ಶುರುಮಾಡಿದರು. ತಲೆ ತಗ್ಗಿಸಿ ಕೂತಿದ್ದ ಮುದುಕರೊಬ್ಬರು ಹೆಡ್‌ಫೋನ್ ಹಾಕುತ್ತಲೇ ಕಣ್ಣರಳಿಸಿ ಹಾಡತೊಡಗಿದ ವಿಡಿಯೊ ಜಗತ್ತಿನ ತುಂಬ ಹರಿದಾಡಿತು; 2014ರಲ್ಲಿ ‘ಅಲೈವ್ ಇನ್‌ಸೈಡ್’ ಸಾಕ್ಷ್ಯಚಿತ್ರವೂ ಬಂತು. ಆದರೆ 54 ನರ್ಸಿಂಗ್ ಹೋಮ್‌ಗಳಲ್ಲಿ ಇದೇ ಕ್ರಮವನ್ನು ಪರೀಕ್ಷಿಸಿದಾಗ, ನಿವಾಸಿಗಳ ಉದ್ವೇಗ ತಗ್ಗಿದ್ದಕ್ಕೆ ಸ್ಪಷ್ಟ ಪುರಾವೆ ಸಿಗಲಿಲ್ಲ. ಹಾಡಿಗೆ ಶಕ್ತಿ ಇಲ್ಲವೆಂದು ಇದರ ಅರ್ಥವಲ್ಲ. ಒಬ್ಬೊಬ್ಬರ ಹಾಡನ್ನು ಪತ್ತೆಹಚ್ಚಿ, ಸರಿಯಾದ ಹೊತ್ತಿಗೆ ಕೇಳಿಸಿ, ಮುಖ ನೋಡಿ ಬದಲಿಸುವುದು ಸಮಯ ಬೇಡುವ ಕೆಲಸ. ಒಬ್ಬ ಉತ್ಸಾಹಿ ಮಾಡಿದ್ದನ್ನು ಸಿಬ್ಬಂದಿ ಸಾಲದ ಸಂಸ್ಥೆ ಹಾಗೆಯೇ ಮಾಡಲಾರದು.

ಜಪಾನಿನ ತಕಾನೊರಿ ಶಿಬಾಟಾ ರೂಪಿಸಿದ ‘ಪಾರೊ’ ಎಂಬ ಯಂತ್ರದ ಕಥೆಯೂ ಹೀಗೇ. ಬಿಳಿ ತುಪ್ಪಳದ ಸೀಲ್ ಮರಿ. ಸವರಿದರೆ ಕಣ್ಣು ಮಿಟುಕಿಸಿ ಕೂಗುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ 28 ಆರೈಕೆ ಕೇಂದ್ರಗಳ 415 ನಿವಾಸಿಗಳ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಕೆಲವರಿಗೆ ಚಾಲೂ ಇದ್ದ ಪಾರೊ, ಕೆಲವರಿಗೆ ಸ್ವಿಚ್ ಆಫ್ ಮಾಡಿದ ಅದೇ ಪಾರೊ, ಉಳಿದವರಿಗೆ ಮಾಮೂಲಿ ಆರೈಕೆ. ಚಾಲೂ ಇದ್ದ ಗೊಂಬೆಯ ಜೊತೆ ಜನ ಹೆಚ್ಚು ಮಾತಾಡಿದರು. ಉದ್ವೇಗ ತಗ್ಗಿಸುವುದರಲ್ಲಿ ಮಾತ್ರ ಯಂತ್ರಕ್ಕೂ ಸುಮ್ಮನಿದ್ದ ಗೊಂಬೆಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಸಾವಿರಾರು ಡಾಲರಿನ ಯಂತ್ರ ಖರೀದಿಸುವ ಮುನ್ನ ಯೋಚಿಸಬೇಕಾದ ಫಲಿತಾಂಶವಿದು.

ನಮ್ಮ ಕೇಂದ್ರಗಳಲ್ಲಿ

ಕರ್ನಾಟಕದಲ್ಲಿ ಈ ವಿಷಯದ ತಿಳಿವಳಿಕೆಗೆ ಕೊರತೆಯಿಲ್ಲ. ನಿಮ್ಹಾನ್ಸ್ ಇದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಬೆಂಗಳೂರಿನಲ್ಲಿ ಡಿಮೆನ್ಷಿಯಾಕ್ಕೆಂದೇ ಕೇಂದ್ರ ನಡೆಸುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಸಾವಿರಾರು ಜನರ ನೆನಪು, ಆರೋಗ್ಯವನ್ನು ವರ್ಷಗಟ್ಟಲೆ ಅನುಸರಿಸುವ ಅಧ್ಯಯನ ನಡೆಸುತ್ತಿದೆ. ಕೊರತೆ ಇರುವುದು ಕೊನೆಯ ಹತ್ತಡಿಯಲ್ಲಿ: ಟ್ಯಾಬಿಗೂ ಅಜ್ಜನ ಬೆರಳಿಗೂ ನಡುವೆ.

ಮುಟ್ಟುವ ಪರದೆ ಕೆಲಸ ಮಾಡುವುದು ಬೆರಳಿನ ಮೂಲಕ ಹರಿಯುವ ಸೂಕ್ಷ್ಮ ವಿದ್ಯುತ್ತಿನಿಂದ. ವಯಸ್ಸಾದವರ ಒಣಗಿದ ಚರ್ಮವನ್ನು ಅದು ಎಷ್ಟೋ ಸಲ ಗುರುತಿಸುವುದೇ ಇಲ್ಲ. ಒಮ್ಮೆ ಮುಟ್ಟಿ ಏನೂ ಆಗದಿದ್ದರೆ ಅವರು ಒತ್ತಿ ಹಿಡಿಯುತ್ತಾರೆ. ಫೋನು ಅದನ್ನು ಬೇರೆಯೇ ಆಜ್ಞೆಯೆಂದು ತಿಳಿದು ಐಕಾನನ್ನು ಅತ್ತಿತ್ತ ಸರಿಸಿಬಿಡುತ್ತದೆ. ‘ನಾನೇನೋ ಹಾಳು ಮಾಡಿಬಿಟ್ಟೆ’ ಎಂದು ಅವರು ಫೋನನ್ನು ಪಕ್ಕಕ್ಕಿಡುವುದು ಇಂಥ ಹೊತ್ತಿನಲ್ಲೇ. ಸೆಟ್ಟಿಂಗ್ಸ್‌ನಲ್ಲಿ ಒತ್ತುವ ಅವಧಿಯನ್ನು ಹೆಚ್ಚಿಸಬಹುದು, ರಬ್ಬರ್ ತುದಿಯ ಕಡ್ಡಿ ಕೊಡಬಹುದು, ಅಕ್ಷರ ದೊಡ್ಡದು ಮಾಡಬಹುದು, ಮೆನುವನ್ನು ಕನ್ನಡಕ್ಕೆ ತಿರುಗಿಸಬಹುದು. ಕೇಳಿಸದ ಕಿವಿಗೆ ಫೋನಿನ ಸಣ್ಣ ಸ್ಪೀಕರ್ ಸಾಲದು. ತುಟಿಯ ಚಲನೆಗೂ ಮಾತಿಗೂ ತಾಳ ತಪ್ಪಿದ ವಿಡಿಯೊ ಅವರಿಗೆ ಇನ್ನಷ್ಟು ಗೊಂದಲ. ಮರೆವು ಎಂದು ನಾವು ಬರೆದುಕೊಳ್ಳುವುದರಲ್ಲಿ ಕಿವಿ ಕೇಳದ್ದರ ಪಾಲೂ ಎಷ್ಟೋ ಇರುತ್ತದೆ.

ಕಲಿಸುವ ರೀತಿಗೂ ವಿಜ್ಞಾನವಿದೆ. ಮರೆವು ಇರುವವರಿಗೆ ‘ಊಹಿಸಿ, ತಪ್ಪಾದರೆ ತಿದ್ದುತ್ತೇನೆ’ ಎಂಬ ಪಾಠ ನಾಟುವುದಿಲ್ಲ. ತಪ್ಪೇ ನೆನಪಿನಲ್ಲಿ ಕೂತುಬಿಡುತ್ತದೆ. ಮೊದಲಿನಿಂದಲೇ ಸರಿಯಾದದ್ದನ್ನೇ ಮಾಡಿಸುವ ಕ್ರಮ ಮೇಲು ಎಂದು ಅಲನ್ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ 1994ರಲ್ಲಿ ತೋರಿಸಿದರು. ಇದರ ಜೊತೆಗೆ ಅಂತರ ಹೆಚ್ಚಿಸುತ್ತ ಹೋಗುವ ಅಭ್ಯಾಸ, ಡಿಮೆನ್ಷಿಯಾ ಇರುವವರಿಗೆ ಕ್ಯಾಮರಾನ್ ಕ್ಯಾಂಪ್ ಒಗ್ಗಿಸಿದ್ದು. ‘ಮಗಳ ಜೊತೆ ಮಾತಾಡಬೇಕಾದರೆ ಯಾವುದನ್ನು ಒತ್ತಬೇಕು?’ ಎಂದು ಅರ್ಧ ನಿಮಿಷ ಬಿಟ್ಟು ಕೇಳುವುದು, ಆಮೇಲೆ ಒಂದು ನಿಮಿಷ, ಎರಡು, ನಾಲ್ಕು. ತಪ್ಪಿದರೆ ಕೂಡಲೇ ಉತ್ತರ ಹೇಳಿ ಹಿಂದಿನ ಅಂತರಕ್ಕೆ ಮರಳುವುದು. ಇದು ಕೈಯ ನೆನಪಿನ ದಾರಿ ಹಿಡಿದು ಹೋಗುವ ಪಾಠ. ಅದಕ್ಕೇ ಫೋನ್ ಅಪ್‌ಡೇಟ್ ಆಗಿ ಕರೆ ಮಾಡುವ ಹಸಿರು ಗುಂಡಿ ಜಾಗ ಬದಲಿಸಿದರೆ ಅವರು ಕಲಿತದ್ದೆಲ್ಲ ನೀರಪಾಲು. ಒಮ್ಮೆ ಕಲಿಸಿದ ಮೇಲೆ ಪರದೆಯ ಮೇಲಿನ ಯಾವುದನ್ನೂ ಅಲುಗಿಸಬೇಡಿ.

ಭಾಷೆಯ ಪ್ರಶ್ನೆ ಇನ್ನೂ ದೊಡ್ಡದು. ಬೆಂಗಳೂರಿನ ಎಷ್ಟೋ ಕೇಂದ್ರಗಳಲ್ಲಿ ಆರೈಕೆಗೆ ನಿಂತಿರುವವರು ದೂರದ ರಾಜ್ಯಗಳಿಂದ ಬಂದ ಯುವಕ, ಯುವತಿಯರು. ಅವರಿಗೆ ಕನ್ನಡ ಅಷ್ಟಕ್ಕಷ್ಟೆ. ಇತ್ತ ಮರೆವು ಹೆಚ್ಚಿದಂತೆ ನಡುವೆ ಕಲಿತ ಭಾಷೆ ಸಡಿಲಾಗಿ ಎಳವೆಯ ಭಾಷೆ ಉಳಿಯುವುದು ಹಲವರಲ್ಲಿ ಕಂಡುಬಂದಿದೆ. ಬ್ಯಾಂಕಿನಲ್ಲಿ ನಲವತ್ತು ವರ್ಷ ಇಂಗ್ಲಿಷಿನಲ್ಲಿ ವ್ಯವಹರಿಸಿದವರು ಹವ್ಯಕ ಕನ್ನಡಕ್ಕೋ ತುಳುವಿಗೋ ಕೊಂಕಣಿಗೋ ಮರಳಿರುತ್ತಾರೆ. ಈ ಇಬ್ಬರ ನಡುವೆ ಒಂದು ಟ್ಯಾಬ್ ನಿಜಕ್ಕೂ ಸೇತುವೆಯಾಗಬಲ್ಲದು. ಅಜ್ಜನ ಊರಿನ ತೇರಿನ ಚಿತ್ರ ತೆರೆದಿಟ್ಟರೆ ಮಾತು ಅರ್ಥವಾಗದ ಆ ಹುಡುಗನಿಗೂ ಕೇಳಲು ಏನಾದರೂ ಸಿಗುತ್ತದೆ. ಅವನ ಊರಿನಲ್ಲೂ ರಥ ಎಳೆಯುತ್ತಿರಬಹುದು. ಅಜ್ಜ ಹೇಳುವವರಾಗುತ್ತಾರೆ, ಹುಡುಗ ಕೇಳುವವನಾಗುತ್ತಾನೆ. ಮಾತ್ರೆ, ಸ್ನಾನ, ಡಯಾಪರ್‌ಗಳಾಚೆ ಇಬ್ಬರಿಗೂ ಒಂದು ಸಂಬಂಧ ಹುಟ್ಟುತ್ತದೆ.

ಎಚ್ಚರಿಕೆಯ ಮಾತೂ ಇದೆ. ಕೋಣೆಯಲ್ಲಿ ಕ್ಯಾಮೆರಾ ಇಟ್ಟರೆ ಮಕ್ಕಳಿಗೆ ನೆಮ್ಮದಿ. ಆದರೆ ಬಟ್ಟೆ ಬದಲಿಸುವ ಮನುಷ್ಯನನ್ನು ಯಾರೋ ನೋಡುತ್ತಿರುವುದಕ್ಕೆ ಆ ಮನುಷ್ಯನ ಒಪ್ಪಿಗೆ ಬೇಕು, ಅರ್ಥವಾಗುವ ಮಾತಿನಲ್ಲಿ, ಮತ್ತೆ ಮತ್ತೆ ಕೇಳಿ. ಫೋನ್ ಕೈಗೆ ಬಂದ ಹಿರಿಯರನ್ನು ವಂಚಕರು ಹುಡುಕಿಕೊಂಡು ಬರುತ್ತಾರೆ. ಬ್ಯಾಂಕ್ ಖಾತೆ ಇಲ್ಲದ ಪ್ರತ್ಯೇಕ ಫೋನ್, ಗೊತ್ತಿರುವ ನಂಬರುಗಳಿಂದ ಮಾತ್ರ ಕರೆ, ಮೋಸವಾದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಎಂಬ ಮೂರು ಏರ್ಪಾಡುಗಳನ್ನು ಕೇಂದ್ರಕ್ಕೆ ಸೇರಿದ ದಿನವೇ ಮಾಡಿಕೊಳ್ಳುವುದು ಲೇಸು.

ಕುಟುಂಬದವರು ಮಾಡಬಹುದಾದದ್ದು

ಮೊದಲನೆಯದು ಖರ್ಚಿಲ್ಲದ್ದು. ವಿಡಿಯೊ ಕಾಲ್‌ನಲ್ಲಿ ‘ನಾನ್ಯಾರು ಹೇಳು’ ಎನ್ನುವುದನ್ನು ಬಿಟ್ಟು, ‘ಅಮ್ಮಾ, ನಾನು ನಿನ್ನ ಎರಡನೇ ಮಗ, ಮೈಸೂರಿನಿಂದ’ ಎಂದು ನಾವೇ ಹೇಳಿಕೊಳ್ಳುವುದು. ಆಮೇಲೆ ಕೈಯಲ್ಲೊಂದು ವಸ್ತು ಹಿಡಿದು ತೋರಿಸುವುದು: ಸೌತೆಕಾಯಿ, ಒರಳುಕಲ್ಲು, ಹಳೆಯ ಬೀಗದ ಕೈ. ‘ಇದರಲ್ಲಿ ಏನು ಮಾಡ್ತಿದ್ದೆ?’ ಎಂದು ಕೇಳಿದರೆ ಸರಿತಪ್ಪಿನ ಭಯವಿಲ್ಲ. ಅವರಿಂದ ಏನಾದರೂ ಕೇಳಿ ತಿಳಿಯುವುದು ಇನ್ನೂ ಒಳ್ಳೆಯದು. ಸಾರಿನ ಪುಡಿಯ ಅಳತೆ ನಮಗೆ ನಿಜಕ್ಕೂ ಬೇಕಿರುತ್ತದೆ.

ಎರಡನೆಯದು, ಕೇಂದ್ರಕ್ಕೆ ಸೇರಿಸುವಾಗ ಕೊಡುವ ಆಸ್ಪತ್ರೆ ಕಡತದ ಜೊತೆ ಎರಡು ಪುಟದ ಇನ್ನೊಂದು ಬರಹ ಕೊಡುವುದು. ಹುಟ್ಟಿದ ಊರು, ಎಳವೆಯ ಭಾಷೆ, ಮಾಡಿದ ಕೆಲಸ, 10ರಿಂದ 30ರ ವಯಸ್ಸಿನಲ್ಲಿ ಎಲ್ಲಿದ್ದರು, ಯಾವ ಹಾಡು, ಯಾವ ನಾಟಕ ಕಂಪನಿ, ಯಾವುದನ್ನು ಎತ್ತಿದರೆ ಅಳುತ್ತಾರೆ. ಈ ಎರಡು ಪುಟ ಇಲ್ಲದ ಟ್ಯಾಬ್ ಬರೀ ಗಾಜಿನ ಹಲಗೆ.

ಮೂರನೆಯದು, ಕೇಂದ್ರ ನೋಡಲು ಹೋದಾಗ ಕೇಳುವ ಪ್ರಶ್ನೆ. ವೈಫೈ ಇದೆಯೇ, ಪ್ರತಿ ಕೋಣೆಗೂ ಟಿವಿ ಇದೆಯೇ ಎಂದು ಎಲ್ಲರೂ ಕೇಳುತ್ತಾರೆ. ಟ್ಯಾಬ್ ಹಿಡಿದು ಹಿರಿಯರ ಪಕ್ಕದಲ್ಲಿ ಕೂರುವವರು ಯಾರು, ದಿನಕ್ಕೆ ಎಷ್ಟು ಹೊತ್ತು, ಅವರಿಗೆ ಏನು ತರಬೇತಿಯಾಗಿದೆ ಎಂದು ಕೇಳುವವರು ಕಡಿಮೆ. ಡಂಡೀಯ ಪರದೆಯಲ್ಲೂ ಲ್ಯಾಂಗರ್ ಅವರ ಬಿಲ್ಲೆಗಳಲ್ಲೂ ಫಲ ಸಿಕ್ಕಾಗ ಕೇಳುವವರೊಬ್ಬರು ಎದುರಿಗಿದ್ದರು. ಹಾಗಾಗಿ ಆರೈಕೆ ಕೇಂದ್ರದ ಬಜೆಟ್‌ನಲ್ಲಿ ಟ್ಯಾಬ್ ಖರೀದಿಗೆ ಒಂದು ಸಾಲು ಬರೆಯುವವರು, ಅದರ ಕೆಳಗೇ ಆ ಹೊತ್ತು ಜೊತೆ ಕೂರುವ ಮನುಷ್ಯನ ಸಂಬಳಕ್ಕೂ ಒಂದು ಸಾಲು ಬರೆಯಬೇಕು. ಎರಡನೆಯದಕ್ಕೆ ದುಡ್ಡಿಲ್ಲವೆಂದಾದರೆ ಮೊದಲನೆಯದನ್ನು ಸದ್ಯಕ್ಕೆ ಮುಂದೂಡುವುದೇ ಸರಿ.